ಮರಿ ಬಿಡುವ ಹೊತ್ತು

ಹೋದ ವಾರ ಹೊಸದುರ್ಗದಿಂದ ಬರುವಾಗ ಬಸ್ಸಿನಲ್ಲಿ ಯಾರೋ ಸೀಟಿನ ಕೆಳಗೆ ಕುರಿಮರಿ ಇಟ್ಟುಕೊಂಡಿದ್ದರು. ಬುಟ್ಟಿಯ ಮೇಲೆ ಗೋಣಿಚೀಲ ಹೊದಿಸಿದ್ದರು. ಗೋಣಿಚೀಲ ವಾಸನೆಯನ್ನು ಹಿಡಿದು ನಿಲ್ಲಿಸುತ್ತದೆಯೇ? ಹಾಲು ಕುಡಿದ ಬಾಯಿಯ ಹುಳಿ, ಒದ್ದೆ ಉಣ್ಣೆ, ಉಚ್ಚೆ, ಎಲ್ಲ ಸೇರಿ ಬಸ್ಸಿನ ತುಂಬ ಮರಿಗೂಡಿನ ವಾಸನೆ. ನನ್ನ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ಅವಳ ತೊಡೆಯ ಮೇಲೆ ಆರೇಳು ವರ್ಷದ ಹುಡುಗಿ ಇತ್ತು. ಟಿಕೆಟ್ ಕೊಡಲು ಬಂದ ಕಂಡಕ್ಟರು ಆ ಹುಡುಗಿಯನ್ನೇ ನೋಡಿ, "ಏನವ್ವ, ಎಷ್ಟನೇ ಕ್ಲಾಸು ನೀನು?" ಎಂದ. ಹುಡುಗಿ ಬಾಯಿ ತೆರೆಯಿತು. ಅಷ್ಟರಲ್ಲಿ ತಾಯಿ, "ಒಂದನೇ ಕ್ಲಾಸು ಸಾರ್, ಇನ್ನೂ ಸಣ್ಣದು" ಎಂದುಬಿಟ್ಟಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಂಬಿ ಹಿಡಿದು ನಿಂತೆ. ನಾನು ಇಳಿಯುವ ಜಾಗ ಇನ್ನೂ ಒಂದು ಗಂಟೆ ದೂರ ಇತ್ತು. ಆ ತಾಯಿಯನ್ನು ಬೈಯಲು ನನಗೆ ಬಾಯಿಲ್ಲ. ಮೂರು ವರ್ಷದ ಹಿಂದೆ, ನನ್ನ ಕಣ್ಣಿನ ಪೊರೆ ತೆಗೆಸಿದ ಚಳಿಗಾಲದವರೆಗೆ, ನಾನೂ ಅದನ್ನೇ ಮಾಡುತ್ತಿದ್ದೆ. ಅದರಿಂದ ಒಂದು ಮರಿ ಸತ್ತಿತು. ಮೊಮ್ಮಗಳೂ ಕೈಬಿಟ್ಟು ಹೋಗುವುದರಲ್ಲಿದ್ದಳು.

ನಮ್ಮ ಹಟ್ಟಿ ಇರುವುದು ಯಲ್ಲದಕೆರೆ ದಾಟಿ ಒಳಗೆ. ಹದಿನೈದು ಮನೆ, ಹದಿನೈದು ರೊಪ್ಪ. ಕುರಿ ಕೂಡುವ ಮುಳ್ಳುಬೇಲಿಗೆ ನಾವು ರೊಪ್ಪ ಎನ್ನುತ್ತೇವೆ. ಮನೆಯಲ್ಲಿ ನಾಲ್ಕು ಜನ: ನಾನು, ಮಗ ತಿಪ್ಪೇಶ, ಸೊಸೆ ರತ್ನ, ಅವರ ಮಗಳು ಕಾವ್ಯ. ಕಾವ್ಯಳಿಗೆ ಆಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ದೀಪಾವಳಿ ಮುಗಿಯುತ್ತಲೇ ತಿಪ್ಪೇಶ ಗಟ್ಟಿಮುಟ್ಟಾದ ಕುರಿಗಳನ್ನು ಹೊಡೆದುಕೊಂಡು ಹೊಸದುರ್ಗದ ಕಡೆಯ ತೆಂಗಿನ ತೋಟಗಳಿಗೆ ಹೋಗುತ್ತಾನೆ. ಕುರಿ ಮಲಗಿದ ನೆಲಕ್ಕೆ ಗೊಬ್ಬರವಾಗುತ್ತದೆ ಎಂದು ತೋಟದವರು ಕರೆಯುತ್ತಾರೆ. ಈಯುವ ಕುರಿ, ಈದ ಕುರಿಗಳು ಮನೆಯಲ್ಲೇ ಉಳಿಯುತ್ತವೆ. ಅವನ್ನು ರತ್ನ ಹಗಲೆಲ್ಲ ಗುಡ್ಡದ ಬುಡದಲ್ಲಿ ಮೇಯಿಸಿ ಸಂಜೆ ತರುತ್ತಾಳೆ. ಮರಿಗಳು ಅಷ್ಟು ದೂರ ನಡೆಯಲಾರವು. ಅವು ಹಗಲು ಪೂರ್ತಿ ಮರಿಗೂಡಿನಲ್ಲಿ ಇರುತ್ತವೆ.

ಸಂಜೆ ಮರಿ ಬಿಡುವುದೇ ದೊಡ್ಡ ಕೆಲಸ. ತಾಯಿಕುರಿಗಳು ಕೆಚ್ಚಲು ತುಂಬಿಕೊಂಡು ಕೂಗುತ್ತ ಬರುತ್ತವೆ. ಒಳಗೆ ಮರಿಗಳು ಕೂಗುತ್ತವೆ. ಒಂದೊಂದೇ ಮರಿಯನ್ನು ಎತ್ತಿ ಅದರದರ ತಾಯಿಗೆ ಬಿಡಬೇಕು. ಬೇರೆ ತಾಯಿಗೆ ಬಿಟ್ಟರೆ ಅದು ಮೂಸಿ ನೋಡಿ ಗುಮ್ಮುತ್ತದೆ. ಒಟ್ಟಿಗೆ ಬಿಟ್ಟರೆ ಗಟ್ಟಿಯವು ಕುಡಿಯುತ್ತವೆ, ಸಣ್ಣವು ಕಾಲಡಿ ಸಿಗುತ್ತವೆ. ಮುಖ ನೋಡಿ ಗುರುತು ಹಿಡಿಯಬೇಕು. ಐವತ್ತು ವರ್ಷ ಅದನ್ನು ನಾನೇ ಮಾಡಿದೆ. ನನ್ನ ಹಾಗೆ ಮರಿ ಬಿಡುವವರು ಹಟ್ಟಿಯಲ್ಲಿ ಇನ್ನೊಬ್ಬರಿಲ್ಲ ಎಂದು ಜಂಬ ಇತ್ತು. ಈಗಲೂ ಇದೆ.

ಕಾವ್ಯ ಹುಟ್ಟಿದಾಗಿನಿಂದ ಆ ಗೂಡಿನ ಪಕ್ಕದಲ್ಲೇ ಬೆಳೆದವಳು. ಆದರೆ ಅವಳನ್ನು ಒಳಗೆ ಬಿಟ್ಟವಳಲ್ಲ ನಾನು. "ಬಿಡು, ನಿನ್ ಕೈಲಾಗಲ್ಲ." "ಬಿಡು, ಬೀಳ್ತೀಯ." "ತಾ ಇಲ್ಲಿ, ನಾನೇ ಮಾಡ್ತೀನಿ." ದಿನಕ್ಕೆ ಎಷ್ಟು ಸಲ ಈ ಮಾತು ಹೇಳುತ್ತಿದ್ದೆನೋ. ಬಿಂದಿಗೆ ಎತ್ತಿದರೆ ಕಿತ್ತುಕೊಳ್ಳುತ್ತಿದ್ದೆ. ರೊಟ್ಟಿ ತಟ್ಟಲು ಕೂತರೆ ಅವಳದ್ದನ್ನು ಉಂಡೆ ಮಾಡಿ ಮತ್ತೆ ನಾನು ತಟ್ಟುತ್ತಿದ್ದೆ. ರತ್ನ ಇನ್ನೊಂದು ಹೆಜ್ಜೆ ಮುಂದೆ. ಮಗಳ ಬ್ಯಾಗು ಜೋಡಿಸುವವಳು ಅವಳು, ಪೆನ್ಸಿಲ್ ಚೂಪು ಮಾಡುವವಳು ಅವಳು. ನಾವಿಬ್ಬರೂ ಇದನ್ನು ಪ್ರೀತಿ ಎಂದುಕೊಂಡಿದ್ದೆವು. ಅರ್ಧ ಪ್ರೀತಿ ಇರಬಹುದು. ಇನ್ನರ್ಧ ಅವಸರ. ಮಕ್ಕಳು ಮಾಡಿದರೆ ಹೊತ್ತಾಗುತ್ತದೆ, ನೋಡುತ್ತ ಕೂರುವ ತಾಳ್ಮೆ ನಮಗಿಲ್ಲ, ಅಷ್ಟೇ.

ದೀಪಾವಳಿಯ ರಜೆ ಮುಗಿದು ಶಾಲೆ ಶುರುವಾದ ವಾರ ಕಾವ್ಯಳ ಟೀಚರಮ್ಮ ಮನೆಗೆ ಬಂದಿತು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹಿರಿಯೂರಿನಿಂದ ಸ್ಕೂಟಿಯಲ್ಲಿ ಬರುತ್ತಿತ್ತು. ಜಗಲಿಯ ಮೇಲೆ ಕೂತು ಕಾವ್ಯಳ ಜೊತೆ ಏನೇನೋ ಮಾತಾಡಿಸಿತು. ಆಮೇಲೆ ನನ್ನ ಕಡೆ ತಿರುಗಿತು.

"ಅಜ್ಜಿ, ಈಕೆಗೆ ಎಲ್ಲಾ ಗೊತ್ತೈತೆ. ಪಕ್ಕದ ಹುಡುಗ್ರಿಗೆ ಪಿಸಪಿಸ ಅಂತ ಹೇಳಿಕೊಡ್ತಾಳೆ. ಬೋರ್ಡಿಗೆ ಕರೆದ್ರೆ ಮಾತ್ರ ಬಾಗಿಲ ಕಡೆ ನೋಡ್ತಾ ನಿಲ್ತಾಳೆ."

"ಅದಕ್ಕೆ ನಾಚ್ಗೆ ಜಾಸ್ತಿ ಕಣಮ್ಮ."

"ನಾಚಿಕೆ ಅಲ್ಲ. ಬಂದು ಹತ್ತು ನಿಮಿಷ ಆಯ್ತು. ಕಾವ್ಯನ್ನ ನಾಕು ಮಾತು ಕೇಳಿದೆ. ಊಟ ಆಯ್ತಾ, ಜ್ವರ ಹೋಯ್ತಾ, ಯಾವ ಪಾಠ ಇಷ್ಟ, ಅಪ್ಪ ಯಾವಾಗ ಬರ್ತಾರೆ. ನಾಕಕ್ಕೂ ನೀವೇ ಉತ್ರ ಕೊಟ್ರಿ."

"ಸರಿಯಾಗೇ ಕೊಟ್ಟೆ ತಾನೇ?"

ಟೀಚರಮ್ಮ ನಕ್ಕಿತು. ನನಗೆ ಸಿಟ್ಟು ಬಂತು. ನನ್ನ ಮಗನಿಗಿಂತ ಚಿಕ್ಕವಳು ನನಗೆ ಮಕ್ಕಳನ್ನು ಸಾಕುವುದು ಹೇಳಿಕೊಡುವುದೇ? "ಮಜ್ಜಿಗೆ ಕುಡೀರಿ" ಎಂದು ಲೋಟ ಕುಕ್ಕಿದೆ. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅದೇ ಹೊತ್ತಿಗೆ ನನ್ನ ಕಣ್ಣು ಪೂರ್ತಿ ಮಬ್ಬಾಗಿತ್ತು. ಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿಫ್ಯಾನುಗಳು ತಿರುಗುತ್ತಿವೆಯೋ ನಿಂತಿವೆಯೋ ಕಾಣುತ್ತಿರಲಿಲ್ಲ. ದುರ್ಗದ ಆಸ್ಪತ್ರೆಯಲ್ಲಿ ಪೊರೆ ತೆಗೆಯುವ ದಿನ ಕೊಟ್ಟರು. ಆದ ಮೇಲೆ ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಹೊಗೆ ಬೇಡ, ಧೂಳು ಬೇಡ, ಕುರಿಯ ಹತ್ತಿರ ಹೋಗಲೇಬಾರದು ಎಂದರು. ಆ ವರ್ಷ ಕುರಿಗಳು ಒಟ್ಟೊಟ್ಟಿಗೆ ಈಯುತ್ತಿದ್ದವು. ಗೂಡಿನಲ್ಲಿ ಹದಿನೆಂಟು ಮರಿ ಇದ್ದವು. ರತ್ನ ಕುರಿ ಮೇಯಿಸಿ ಬಂದ ಮೇಲೆ ಒಲೆ ಹಚ್ಚಬೇಕು. ಮರಿ ಬಿಡಲು ಉಳಿದವಳು ಕಾವ್ಯ ಒಬ್ಬಳೇ.

"ನಾನು ಬಿಡ್ತೀನಜ್ಜಿ. ನಂಗೆ ಎಲ್ಲಾ ಮರೀನೂ ಗೊತ್ತು" ಎಂದಳು.

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಟ್ರಂಕಿನಿಂದ ಹಳೆಯ ಸೀರೆಗಳನ್ನೆಲ್ಲ ತೆಗೆದೆ. ಕೆಂಪು, ಹಳದಿ, ಬಿಳಿ, ಹಸಿರು, ನೀಲಿ, ಹೂವಿನದು, ಗೀರಿನದು, ಹೀಗೆ ಹದಿನೆಂಟು ಬಗೆ. ಉದ್ದುದ್ದ ಚಿಂದಿ ಹರಿದೆ. ಒಂದು ಬಣ್ಣದ ಎರಡು ಚಿಂದಿ, ಒಂದು ತಾಯಿಯ ಕೊರಳಿಗೆ, ಒಂದು ಅದರ ಮರಿಯ ಕೊರಳಿಗೆ. ಹದಿನೆಂಟು ಜೋಡಿಗೂ ನಾನೇ ಕೈಯಾರೆ ಕಟ್ಟಿದೆ. ಕಾವ್ಯ ಬೇಲಿಯ ಹೊರಗೆ ನಿಂತು ನೋಡುತ್ತಿದ್ದಳು.

"ಇನ್ ನೀನು ಮುಖ ನೋಡಾದೇ ಬ್ಯಾಡ. ಬಣ್ಣ ನೋಡು, ಬಿಡು. ಅಷ್ಟೇ."

"ನಂಗೆ ಮುಖ ಗೊತ್ತೈತೆ ಅಂದ್ನಲ್ಲ."

"ಗೊತ್ತಿದ್ದಷ್ಟು ಸಾಕು. ಚಿಂದಿ ನೋಡು."

ಹೀಗೆ ಅವಳು ಕೆಲಸ ಮುಟ್ಟುವ ಮೊದಲೇ ಅದನ್ನು ಅವಳ ಕೈಯಿಂದ ಕಿತ್ತುಕೊಂಡಿದ್ದೆ. ಆಗ ಮಾತ್ರ ನನಗೆ ನನ್ನ ಬುದ್ಧಿಯ ಮೇಲೆ ಭಾರಿ ಮೆಚ್ಚುಗೆ.

ಪೊರೆ ತೆಗೆಸಿಕೊಂಡು ಮೂರನೇ ದಿನ ಮನೆಗೆ ಬಂದೆ. ಕಣ್ಣಿಗೆ ಕಪ್ಪು ಕನ್ನಡಕ. ಜಗಲಿಯ ಮೇಲೆ ಒಂದು ಕಂಬಳಿ, ಗೋಡೆಗೆ ಬೆನ್ನು. ಐವತ್ತು ವರ್ಷ ಹೀಗೆ ಕೂತವಳಲ್ಲ. ಆ ಕಾರ್ತಿಕದಲ್ಲಿ ಗಾಳಿ ಬೇರೆ. ಬೆಳಿಗ್ಗೆ ಎದ್ದರೆ ಗಾಳಿ, ಮಧ್ಯಾಹ್ನ ಗಾಳಿ, ತಗಡು ಬಡಿದುಕೊಳ್ಳುವ ಸದ್ದು. ಶೇಂಗಾ ಕಿತ್ತ ಹೊಲಗಳಿಂದ ಧೂಳು ಎದ್ದು ಬರುತ್ತಿತ್ತು. ಕೈಗೆ ಕೆಲಸವಿಲ್ಲದೆ ಕಂಬಳಿಯ ಅಂಚಿನ ದಾರ ಎಳೆದೆಳೆದು ಒಂದು ಮೂಲೆಯನ್ನೇ ಬಿಚ್ಚಿಹಾಕಿದೆ. ಸಂಜೆಯಾದರೆ ಇನ್ನೂ ಕಷ್ಟ. ಕುರಿಗಳು ಬರುವ ಸದ್ದು ಕೇಳಿದ ಕೂಡಲೇ ಕಾಲು ತಾನಾಗೇ ನೆಲ ಹುಡುಕುತ್ತಿತ್ತು. ಜಗಲಿಯಿಂದಲೇ ಕೂಗುತ್ತಿದ್ದೆ. "ಗೂಡಿನ ಬಾಗ್ಲು ಹಾಕ್ದೇನೇ?" "ಸಣ್ಣವನ್ನ ಮೊದ್ಲು ಬಿಡೇ!" "ಎಷ್ಟಾದವೇ?" ಅವಳು ಒಂದಕ್ಕೆ ಉತ್ತರ ಕೊಡುವಷ್ಟರಲ್ಲಿ ನಾನು ಮುಂದಿನದು ಕೇಳಿರುತ್ತಿದ್ದೆ.

ನಾನಿಲ್ಲದ ಸಂಜೆಗಳನ್ನು ಹೇಗೋ ಸಂಭಾಳಿಸಿದ್ದ ಕಾವ್ಯ, ನಾನು ಬಂದ ಸಂಜೆಯೇ ರೊಪ್ಪದಿಂದ ಕೂಗಿದಳು.

"ಅಜ್ಜೀ, ಮೋಟುಗಿವಿ ಗುಮ್ತೈತೆ! ಮರೀನ ಸೇರಿಸ್ತಿಲ್ಲ!"

"ಚಿಂದಿ ನೋಡ್ದೇನೇ?"

"ನೋಡ್ದೆ. ಹಸ್ರಿಗೆ ಹಸ್ರೇ ಬಿಟ್ಟೀನಿ. ಆದ್ರೂ..."

"ಆದ್ರೂ ಏನು ಆದ್ರೂ? ಕಾಲು ಹಿಡ್ಕಂಡು ಕುಡಿಸು!"

"ಅಜ್ಜಿ, ಇದು ಬಿಳಿಕಾಲಿ ಮರಿ ಇದ್ದಂಗೈತೆ."

"ನಿಂಗೆ ಗೊತ್ತೋ ನಂಗೆ ಗೊತ್ತೋ? ನಾನು ಕಟ್ಟಿರಾದು ಅದು!"

ಮೋಟುಗಿವಿ ಆರು ಸಲ ಈದ ಹಳೆಯ ಕುರಿ. ಕಿವಿ ಗಿಡ್ಡ, ಹಾಲು ಹೆಚ್ಚು. ಒಂದು ಸಲವೂ ತನ್ನ ಮರಿಯನ್ನು ಗುಮ್ಮಿದ್ದಲ್ಲ. ಅದು ಗುಮ್ಮುತ್ತಿದೆ ಎಂದರೆ ಏನೋ ತಪ್ಪಿದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಪ್ಪಿದ್ದರೆ ಅದು ಹುಡುಗಿಯ ಕೈಯದೇ ಎಂದು ಮೊದಲೇ ತೀರ್ಮಾನ ಮಾಡಿ ಕೂತಿದ್ದೆ. ಬಿಳಿಕಾಲಿ ಚೊಚ್ಚಲು ಕುರಿ. ಎರಡೂ ಒಂದೇ ಭಾನುವಾರ ಈದಿದ್ದವು. ಎರಡು ಮರಿಯೂ ಕಪ್ಪು, ಹಣೆಯ ಮೇಲೆ ಬಿಳಿ ಚುಕ್ಕೆ. ಭಾನುವಾರ ಶಾಲೆ ಇಲ್ಲ. ಕಾವ್ಯ ಅವು ನೆಲಕ್ಕೆ ಬಿದ್ದದ್ದನ್ನು ಕಣ್ಣಾರೆ ನೋಡಿದ್ದಳು.

ಮರುದಿನವೂ ಅದೇ ಗಲಾಟೆ. ಅದರ ಮರುದಿನ ಮೋಟುಗಿವಿ ಆ ಮರಿಯನ್ನು ಎತ್ತಿ ಹಾಕಿದ ಏಟಿಗೆ ಅದು ಕಲ್ಲುಗೋಡೆಗೆ ಬಡಿಯಿತು. ಬೆಳಗ್ಗೆ ನೋಡಿದರೆ ಗೂಡಿನಲ್ಲಿ ಕಾಲು ಚಾಚಿ ಬಿದ್ದಿತ್ತು. ರತ್ನ ಅದನ್ನು ಎತ್ತಿಕೊಂಡು ಬಂದು ಜಗಲಿಯ ಮುಂದೆ ಇಟ್ಟಳು. ಆ ಹೊತ್ತಿಗೆ ನಲ್ಲಿಗೆ ನೀರು ಬಂದಿತ್ತು. ಹಟ್ಟಿಯ ಹೆಂಗಸರೆಲ್ಲ ಕೊಡ ಹಿಡಿದು ಎದುರಿಗೇ ನಿಂತಿದ್ದರು.

"ಬಣ್ಣ ನೋಡಿ ಬಿಡು ಅಂತ ಬಣ್ಣ ಕಟ್ಟಿಕೊಟ್ಟೆ" ಎಂದೆ ಕಾವ್ಯಳಿಗೆ, ಎಲ್ಲರಿಗೂ ಕೇಳುವ ಹಾಗೆ. "ಕುರುಡರೂ ಮಾಡೋ ಕೆಲ್ಸ ಅದು. ಅಷ್ಟೂ ಆಗ್ಲಿಲ್ವೇನೇ ನಿನ್ ಕೈಲಿ?"

ಅವಳು ಅಳಲಿಲ್ಲ. ಮರಿಯನ್ನು ನೋಡಿದಳು, ನನ್ನ ಕಪ್ಪು ಕನ್ನಡಕವನ್ನು ನೋಡಿದಳು, ಒಳಗೆ ಹೋದಳು. ಆ ಸಂಜೆ ಮರಿ ಬಿಡಲು ಬರಲಿಲ್ಲ. "ಅವ್ವ ಬಿಡ್ಲಿ" ಎಂದಳಂತೆ. ಮರುದಿನವೂ ಬರಲಿಲ್ಲ. ರತ್ನ ಒಲೆಯನ್ನು ಅರ್ಧಕ್ಕೆ ಬಿಟ್ಟು ಮರಿ ಬಿಡಲು ಓಡಾಡಬೇಕಾಯಿತು. ಬಿಳಿಕಾಲಿ ಕೊಡವುತ್ತಿದ್ದ ಇನ್ನೊಂದು ಮರಿಗೆ ಅವಳೇ ಕಾಲು ಹಿಡಿದು ಕುಡಿಸುತ್ತಿದ್ದಳು.

ಮುಂದಿನ ವಾರ ಟೀಚರಮ್ಮ ರತ್ನಳನ್ನು ದಾರಿಯಲ್ಲಿ ನಿಲ್ಲಿಸಿ ಮಾತಾಡಿತಂತೆ. ಕಾವ್ಯ ಈಗ ಬರೆಯುವುದನ್ನೂ ಬಿಟ್ಟಿದ್ದಾಳೆ, ಪರೀಕ್ಷೆಯ ಹಾಳೆಯನ್ನು ಖಾಲಿ ಕೊಟ್ಟಿದ್ದಾಳೆ, ಕೇಳಿದರೆ "ತಪ್ಪಾಗುತ್ತೆ" ಎನ್ನುತ್ತಾಳೆ ಎಂದು. ರತ್ನ ನನ್ನ ಮುಂದೆ ಬಂದು ನಿಂತಳು.

"ಅತ್ತೆ, ನಿಮ್ ಮಗ ಅಲ್ಲಿ ಅಡವೀಲಿ ಕುಂತು ದಿನಾ ನಿಮಗೆ ಫೋನ್ ಮಾಡ್ತಾನೆ. ಯಾವ ತೋಟಕ್ಕೆ ಹೋಗ್ಲಿ, ಯಾವ ಟಗರು ಇಟ್ಕಳ್ಲಿ, ಮಳೆ ಬಂದ್ರೆ ಎಲ್ಲಿ ನಿಲ್ಲಿಸ್ಲಿ ಅಂತ. ಮೂವತ್ತೆಂಟು ವರ್ಷ ಅವ್ನಿಗೆ. ನನ್ ಮಗಳೂ ಅಂಗೇ ಆಗ್ಬೇಕೇನ್ರೀ?"

ಮದುವೆಯಾಗಿ ಬಂದ ಮೇಲೆ ರತ್ನ ನನಗೆ ಎದುರು ಮಾತಾಡಿದ್ದು ಅದೇ ಮೊದಲು. ತಿಪ್ಪೇಶ ಫೋನ್ ಮಾಡಿದಾಗಲೆಲ್ಲ ನಾನು ನಾಲ್ಕು ಜನರಿಗೆ ಕೇಳುವ ಹಾಗೆ ಜೋರಾಗಿ ಮಾತಾಡುತ್ತಿದ್ದೆ. ನನ್ನ ಮಾತಿಲ್ಲದೆ ಮಗ ಹೆಜ್ಜೆ ಇಡುವುದಿಲ್ಲ ಎಂದು ಊರಿಗೆ ಗೊತ್ತಾಗಲಿ ಎಂದು. ಅದನ್ನು ರತ್ನ ಹೀಗೆ ತಿರುಗಿಸಿ ಇಟ್ಟಳು. "ನೀನು ಬ್ಯಾಗು ಜೋಡಿಸಾದು ಬಿಡು ಮೊದ್ಲು" ಎಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು.

ಮಾರ್ಗಶಿರದಲ್ಲಿ ಡಾಕ್ಟರು ಕನ್ನಡಕ ತೆಗೆಯಲು ಹೇಳಿದರು. ಮನೆಗೆ ಬಂದು ಜಗಲಿಯ ಮೇಲೆ ನಿಂತು ಕನ್ನಡಕ ತೆಗೆದೆ. ಲೋಕ ತೊಳೆದಿಟ್ಟ ಹಾಗಿತ್ತು. ಗೋಡೆಯ ಬಿರುಕು, ರತ್ನಳ ತಲೆಯಲ್ಲಿ ಎರಡು ಬಿಳಿ ಕೂದಲು, ನನ್ನ ಸೀರೆಯ ಕೊಳೆ, ಎಲ್ಲ ಕಂಡವು. ಸಂಜೆ ಕುರಿಗಳು ಬಂದವು. ಕೊರಳಲ್ಲಿ ಚಿಂದಿಗಳು ಇನ್ನೂ ಇದ್ದವು. ಮೋಟುಗಿವಿಯ ಕೊರಳಲ್ಲಿ ಹಸಿರು. ರತ್ನ ಒಂದು ಮರಿಯನ್ನು ಎತ್ತಿಕೊಂಡು ಬಿಳಿಕಾಲಿಯ ಕಡೆ ಹೊರಟಳು. ಮರಿಯ ಕೊರಳಲ್ಲಿ ನೀಲಿ, ಬಿಳಿಕಾಲಿಯ ಕೊರಳಲ್ಲೂ ನೀಲಿ. ಬಣ್ಣಕ್ಕೆ ಬಣ್ಣ ಸರಿಯಾಗಿತ್ತು. ಆದರೆ ಆ ಮರಿಯ ಮುಖ ನೋಡಿದೆ. ಅದು ಮೋಟುಗಿವಿಯ ಮರಿ. ಎಡಗಿವಿ ಅದರ ತಾಯಿಯ ಹಾಗೇ ಗಿಡ್ಡ.

ನಿಂತಲ್ಲೇ ತಿಳಿಯಿತು. ಪೊರೆ ಬಂದ ಕಣ್ಣಿಗೆ ಹಸಿರು ಚಿಂದಿಯೂ ನೀಲಿ ಚಿಂದಿಯೂ ಒಂದೇ ಕಪ್ಪಾಗಿ ಕಂಡಿದ್ದವು. ಮೋಟುಗಿವಿಗೆ ಹಸಿರು ಕಟ್ಟಿ ಅದರ ಮರಿಗೆ ನೀಲಿ ಕಟ್ಟಿದ್ದೆ. ಬಿಳಿಕಾಲಿಗೆ ನೀಲಿ ಕಟ್ಟಿ ಅದರ ಮರಿಗೆ ಹಸಿರು ಕಟ್ಟಿದ್ದೆ. ಹುಡುಗಿ ನಾನು ಹೇಳಿದಂತೆ ಹಸಿರಿಗೆ ಹಸಿರು ಬಿಟ್ಟಳು. ಮರಿ ಸತ್ತಿತು.

ಯಾರಿಗೂ ಗೊತ್ತಿಲ್ಲ. ಸುಮ್ಮನೆ ಚಿಂದಿ ಬಿಚ್ಚಿ ಒಲೆಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಮಾಡಬೇಕೆಂದು ಅನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಎರಡು ದಿನ ಹಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ಮನೆ ಓಡಾಡಿದೆ. ಡಾಕ್ಟರು ನಡೆಯಲು ಹೇಳಿದ್ದಾರೆ ಎಂದೆ ಕೇಳಿದವರಿಗೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಮನೆಯೊಳಗೆ ಕರೆದು ಮೆಲ್ಲಗೆ ಹೇಳಿಬಿಡಲೇ ಎಂದುಕೊಂಡೆ. ಆದರೆ ಬೈದದ್ದು ನಲ್ಲಿಯ ಮುಂದೆ. ಬೈಗುಳ ಬಯಲಲ್ಲಿ, ಒಪ್ಪಿಗೆ ಮೂಲೆಯಲ್ಲಿ ಆದರೆ ಅದೇನು ನ್ಯಾಯ?

ಮೂರನೇ ದಿನ ನಲ್ಲಿಗೆ ನೀರು ಬಂದಾಗ ಕಾವ್ಯ ಸಣ್ಣ ಬಿಂದಿಗೆ ಹಿಡಿದು ಸಾಲಿನಲ್ಲಿದ್ದಳು. ಎರಡು ಚಿಂದಿ ಬಿಚ್ಚಿಕೊಂಡು ಹೋದೆ.

"ಇದು ಯಾವ ಬಣ್ಣನೇ?"

ಕಾವ್ಯ ಸುತ್ತ ನೋಡಿದಳು. ನಾನು ಕಾದೆ. ಪಕ್ಕದ ಮನೆಯವಳು ಬಾಯಿ ತೆರೆದಳು. "ನೀನು ಸುಮ್ಕಿರು" ಎಂದೆ.

"ಹಸ್ರು" ಎಂದಳು ಕಾವ್ಯ.

"ಇದು?"

"ನೀಲಿ."

"ನಾನು ಎರಡೂ ಒಂದೇ ಬಣ್ಣ ಅಂತ ಕಟ್ಟಿದ್ದೆ. ಕಣ್ಣು ಕಾಣ್ತಿರ್ಲಿಲ್ಲ. ಕಾಣ್ತಿಲ್ಲ ಅಂತ ಒಪ್ಪಿಕೊಳ್ಳೋ ಮನ್ಸೂ ಇರ್ಲಿಲ್ಲ. ಮರಿ ಸತ್ತಿದ್ದು ನನ್ನಿಂದ. ನಿನ್ನಿಂದ ಅಲ್ಲ. ಕೇಳಿಸ್ತೇನ್ರೇ ಎಲ್ರಿಗೂ?"

ಕೇಳಿಸಿತು. ಕೊಡಗಳು ತುಂಬಿ ಹೊರಚೆಲ್ಲುತ್ತಿದ್ದವು. ಕಾವ್ಯ ತಲೆ ತಗ್ಗಿಸಿದಳು.

"ನಂಗೊತ್ತಿತ್ತಜ್ಜಿ."

"ಏನು ಗೊತ್ತಿತ್ತು?"

"ಅದು ಬಿಳಿಕಾಲಿ ಮರಿ ಅಂತ. ಭಾನುವಾರ ನೋಡಿದ್ನಲ್ಲ."

"ಮತ್ತ್ಯಾಕೆ ಮೋಟುಗಿವಿಗೆ ಬಿಟ್ಟೆ ಮಾರಾಯ್ತಿ?"

"ನೀನು ಕಟ್ಟಿದ್ಯಲ್ಲ."

ನನ್ನನ್ನು ದೂರುವ ದನಿ ಅಲ್ಲ ಅದು. ಬಿಂದಿಗೆ ತುಂಬಿಕೊಂಡು ಹೋದಳು. ನಾನು ಅಲ್ಲೇ ನಿಂತಿದ್ದೆ. ಕಣ್ಣಾರೆ ಕಂಡದ್ದನ್ನು ಬಿಟ್ಟು ನನ್ನ ಚಿಂದಿಯನ್ನು ನಂಬಿದ್ದಳು. ಒಂಬತ್ತು ವರ್ಷ ನಾನು ಕಲಿಸಿದ್ದು ಅದನ್ನೇ.

ತಪ್ಪು ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಸಂಜೆಯೂ ಕಾವ್ಯ ಗೂಡಿಗೆ ಬರಲಿಲ್ಲ. "ನಂಗೆ ಬ್ಯಾಡ" ಎಂದಳು. ಬಲವಂತ ಮಾಡುವುದು ನನಗೆ ಚೆನ್ನಾಗಿ ಬರುತ್ತದೆ, ಆದರೆ ಮಾಡಲಿಲ್ಲ. ಬಾಯಿ ಮುಚ್ಚಿಕೊಂಡಿರುವುದನ್ನು ಮೊದಲು ಕಲಿಯಬೇಕಾಗಿತ್ತು. ಯಾರಾದರೂ ಅವಳನ್ನು ಏನಾದರೂ ಕೇಳಿದರೆ ನಾನು ಕೆನ್ನೆಯ ಒಳಬದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದೆ. ಅವಳು ಉತ್ತರ ಕೊಡಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಸೇರು ರಾಗಿ ಬೀಸಬಹುದಿತ್ತು. ಅವಳು ರೊಟ್ಟಿ ತಟ್ಟಿದರೆ ಅದು ಯಾವ ಆಕಾರದಲ್ಲಿ ಬಂತೋ ಅದೇ ಆಕಾರದಲ್ಲಿ ತಿಂದೆ. ಒಂದು ಹಸಿ, ಒಂದು ಸೀದದ್ದು. "ಚೆನ್ನಾಗೈತೆ" ಎಂದು ಸುಳ್ಳು ಹೇಳಲಿಲ್ಲ. "ಇದು ಹಸಿ ಐತೆ" ಎಂದೆ. ಮರುದಿನ ಅವಳು ಉರಿ ಜಾಸ್ತಿ ಮಾಡಿದಳು.

ಕನ್ನಡಕ ತೆಗೆಸಿದ ದಿನ ಡಾಕ್ಟರು ಕಣ್ಣಿಗೆ ಹಾಕಲು ಎರಡು ಬಗೆಯ ಹೊಸ ಹನಿ ಕೊಟ್ಟಿದ್ದರು. ಒಂದು ದಿನಕ್ಕೆ ಆರು ಸಲ, ಇನ್ನೊಂದು ಎರಡು ಸಲ, ವಾರವಾರ ಕಡಿಮೆ ಮಾಡುತ್ತ ಹೋಗಬೇಕು. ಚೀಟಿಯ ಅಕ್ಷರ ಇರುವೆಯಷ್ಟು. ಹತ್ತಿರದ್ದು ನನಗೆ ಕಾಣುತ್ತಿರಲಿಲ್ಲ. ರತ್ನ ಮನೆಯಲ್ಲಿರುತ್ತಿರಲಿಲ್ಲ. "ನೀನೇ ನೋಡ್ಕಾ, ನಂಗೊತ್ತಾಗಲ್ಲ" ಎಂದು ಚೀಟಿಯನ್ನು ಕಾವ್ಯಳ ಕೈಗೆ ಕೊಟ್ಟೆ. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ನಾಟಕ ಆಡಿದ್ದರೆ ಅವಳು ಹಿಡಿದುಬಿಡುತ್ತಿದ್ದಳು. ಮಕ್ಕಳು ಹಿಡಿಯುತ್ತಾರೆ. ಅವಳು ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಹಾಕಿ ಲೆಕ್ಕ ಇಟ್ಟಳು. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಎರಡು, ಬಂದ ಮೇಲೆ ಉಳಿದದ್ದು, ನಡುವಿನದಕ್ಕೆ ಪಕ್ಕದ ಮನೆಯವಳಿಗೆ ಹೇಳಿ ಹೋಗುತ್ತಿದ್ದಳು. ಒಂದು ದಿನ "ಅಲುಗಾಡಬ್ಯಾಡ ಅಜ್ಜಿ, ಮೂಗಿಗೆ ಬೀಳ್ತೈತೆ" ಎಂದು ನನ್ನ ಗಲ್ಲ ಹಿಡಿದು ಗದರಿದಳು. ನಾನು ಅಲುಗಾಡಲಿಲ್ಲ.

ಪುಷ್ಯದ ಚಳಿಯಲ್ಲಿ ರತ್ನಳಿಗೆ ಜ್ವರ ಬಂತು. ಕುರಿಗಳನ್ನು ಪಕ್ಕದ ಮನೆಯವರು ಮೇಯಿಸಿ ತಂದು ರೊಪ್ಪಕ್ಕೆ ಬಿಟ್ಟು ಹೋದರು. ಸಂಜೆ ಐದೂವರೆ. ತಾಯಿಗಳು ಕೂಗುತ್ತಿವೆ, ಮರಿಗಳು ಕೂಗುತ್ತಿವೆ. ಡಾಕ್ಟರು ನನಗೆ ಎಲ್ಲ ಕೆಲಸ ಮಾಡಬಹುದು ಎಂದಾಗಿತ್ತು. ಎದ್ದು ಹೋದರೆ ಅರ್ಧ ಗಂಟೆಯ ಕೆಲಸ. ಕಾವ್ಯ ಬಾಗಿಲಲ್ಲಿ ನಿಂತು ನಾನು ಏಳುತ್ತೇನೆ ಎಂದು ಕಾಯುತ್ತಿದ್ದಳು. ನಾನು ಜಗಲಿಯ ಮೇಲೆ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಕೂಗು ಜೋರಾಯಿತು. ಒಂದು ಮರಿ ಗೂಡಿನ ಬಾಗಿಲಿಗೆ ತಲೆ ಬಡಿಯುತ್ತಿತ್ತು.

"ಅಜ್ಜಿ, ಏಳಲ್ವಾ?"

"ಇಲ್ಲ."

"ಅವು ಕೂಗ್ತಾ ಅವೆ."

"ಕೇಳಿಸ್ತೈತೆ."

ಅವಳು ಒಳಗೆ ಹೋದಳು. ಸರಿ, ಮುಗಿಯಿತು ಎಂದುಕೊಂಡೆ. ಹೊರಗೆ ಬಂದಾಗ ಅವಳ ಕೈಯಲ್ಲಿ ಕತ್ತರಿ ಇತ್ತು. ಸೀದಾ ರೊಪ್ಪಕ್ಕೆ ಹೋದಳು. ಮೊದಲು ಎಲ್ಲ ಕುರಿಗಳ ಕೊರಳಿನ ಚಿಂದಿ ಕತ್ತರಿಸಿ ಹಾಕಿದಳು. ಆಮೇಲೆ ಮರಿಗಳದು. ಕೆಂಪು, ಹಳದಿ, ಹೂವಿನದು, ಎಲ್ಲ ಗೊಬ್ಬರದ ಮೇಲೆ ಬಿದ್ದವು. ಆಮೇಲೆ ಗೂಡಿಗೆ ಕೈ ಹಾಕಿ ಮೊದಲ ಮರಿ ಎತ್ತಿದಳು, ಅದರ ಮುಖ ನೋಡಿದಳು, ಬಿಟ್ಟಳು. ನನ್ನ ಕಡೆ ತಿರುಗಲಿಲ್ಲ. ಕತ್ತಲಾಗುವ ಹೊತ್ತಿಗೆ ಮುಗಿಸಿದಳು. ನಾನು ಮಾಡಿದ್ದರೆ ಅದರ ಅರ್ಧ ಹೊತ್ತು. ಇರಲಿ.

ಸಂಕ್ರಾಂತಿಗೆ ಮೂರು ದಿನ ಇರುವಾಗ ತಿಪ್ಪೇಶ ಮಂದೆ ಹೊಡೆದುಕೊಂಡು ಬಂದ. ಹೋಗುವಾಗ ಗಬ್ಬ ಇನ್ನೂ ಎದ್ದು ಕಾಣದಿದ್ದ ಕುರಿಗಳಲ್ಲಿ ಇಪ್ಪತ್ತು ದಾರಿಯಲ್ಲೇ ಈದಿದ್ದವು. ಮನೆಯ ಮರಿ, ದಾರಿಯ ಮರಿ ಎಲ್ಲ ಒಂದೇ ಗೂಡಿನಲ್ಲಿ, ಮೂವತ್ತೇಳು. ದಾರಿಯ ಮರಿಗಳನ್ನು ಕಾವ್ಯ ಎರಡು ದಿನ ಬಿಡದೆ ನೋಡಿದಳು, ಅಪ್ಪನನ್ನು ಕೇಳಿ ಕೇಳಿ ತಲೆ ತಿಂದಳು. ಮೂರನೇ ಸಂಜೆ, "ಇವತ್ತು ನಾನೇ ಬಿಡ್ತೀನಪ್ಪ, ನೀನು ಬರಬ್ಯಾಡ" ಎಂದಳು.

ತಿಪ್ಪೇಶ ನನ್ನ ಮುಖ ನೋಡಿದ. "ಅವ್ವಾ, ಏನ್ ಮಾಡಾಣ?"

"ಅದು ನಿಂಗೆ ಹೇಳಿದ್ದು, ನಂಗಲ್ಲ" ಎಂದೆ.

ಅವನು ಜಗಲಿಯ ಮೇಲೆ ಕೂತ. ಕೂತವನು ಎದ್ದ. "ಮೂವತ್ತೇಳು ಅವೆ ಅವ್ವ, ನಾನೊಂದು ಕಿತ ನೋಡಿ ಬರ್ತೀನಿ." ಅವನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದೆ. "ಕುಂತ್ಕಳಲೇ." ಮೂವತ್ತೆಂಟು ವರ್ಷದ ಗಂಡಸು ಧೊಪ್ಪನೆ ಕೂತ.

ಮೂವತ್ತೇಳೂ ಬಿಟ್ಟು ಅವಳು ಬಂದು ಕೈಕಾಲು ತೊಳೆದಳು. ಆದರೆ ಹೊಸ ಕಣ್ಣು ನನ್ನದು. ಜಗಲಿಯಿಂದಲೇ ಕಂಡಿತು. ದಾರಿಯಲ್ಲಿ ಈದ ಎರಡು ಕೆಂದ ಕುರಿಗಳ ಮರಿಗಳು ಅದಲುಬದಲಾಗಿದ್ದವು. ಒಂದು ಕುರಿ ಸೌಮ್ಯದ್ದು, ಯಾರ ಮರಿ ಬಂದರೂ ಕುಡಿಸುತ್ತದೆ. ಇನ್ನೊಂದು ತನ್ನ ಹತ್ತಿರ ಬಂದ ಮರಿಯನ್ನು ಮೂಸಿ ದೂರ ತಳ್ಳುತ್ತಿತ್ತು. ತಿಪ್ಪೇಶನಿಗೂ ಕಂಡಿತು. ಅವನು ಬಾಯಿ ತೆರೆದ. ನಾನು ಅವನ ತೊಡೆ ಚಿವುಟಿದೆ.

ಊಟಕ್ಕೆ ಕೂತೆವು. ರತ್ನ ಮುದ್ದೆ ಇಟ್ಟಳು, ನಾನು ಅವರೆಕಾಳಿನ ಸಾರು ಬಡಿಸಿದೆ. ಹೊರಗೆ ಒಂದು ಮರಿ ಕೂಗಲು ಶುರು ಮಾಡಿತು. ನಮ್ಮಿಬ್ಬರ ಕೈಯೂ ತಟ್ಟೆಯಲ್ಲೇ ನಿಂತಿತು. ಹಸಿದ ಮರಿ ರಾತ್ರಿ ಚಳಿಗೆ ಸಿಕ್ಕರೆ ಬೆಳಗ್ಗೆ ಏನಾಗಿರುತ್ತದೆ ಎಂದು ನನಗೆ ಗೊತ್ತು. ಸುಮ್ಮನಿದ್ದು ಇನ್ನೊಂದು ಮರಿ ಕೊಂದರೆ ಹುಡುಗಿ ಮತ್ತೆ ಆ ಬಾಗಿಲು ಮುಟ್ಟುವುದಿಲ್ಲ. ಬಾಯಿಬಿಟ್ಟು ಹೇಳಿದರೂ ಮುಟ್ಟುವುದಿಲ್ಲ. ತಿಪ್ಪೇಶ ನನ್ನನ್ನು ದುರುಗುಟ್ಟಿ ನೋಡಿದ. ಇನ್ನು ಹತ್ತು ತುತ್ತು ನೋಡುತ್ತೇನೆ, ಆಮೇಲೆ ನಾನೇ ಏಳುತ್ತೇನೆ ಎಂದುಕೊಂಡೆ. ತುತ್ತು ಎಣಿಸುತ್ತ ನುಂಗಿದೆ. ನಾಲ್ಕು. ಐದು. ಆರು.

ಕಾವ್ಯ ಅಗಿಯುವುದನ್ನು ನಿಲ್ಲಿಸಿದಳು. ತಲೆ ವಾರೆ ಮಾಡಿ ಕೇಳಿದಳು. ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದಳು. ರೊಪ್ಪದ ಬಾಗಿಲು ಕಿರುಗುಟ್ಟಿತು. ಅವಳು ಏನೋ ಗೊಣಗುವುದು ಕೇಳಿತು. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು.

ಬಂದು ಕೈ ತೊಳೆದು ಮತ್ತೆ ಕೂತಳು.

"ಏನಾಗಿತ್ತೇ?" ಎಂದ ತಿಪ್ಪೇಶ, ಏನೂ ತಿಳಿಯದವನ ಹಾಗೆ.

"ಆ ಕೆಂದಕುರಿ ಮರಿಗಳು ಅದ್ಲುಬದ್ಲಾಗಿದ್ವು. ನಾನೇ ತಪ್ಪಾಗಿ ಬಿಟ್ಟಿದ್ದೆ. ಸರಿ ಮಾಡ್ದೆ." ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಸಾರು ಹಾಕಜ್ಜಿ, ಮುದ್ದೆ ಆರೋಗ್ತೈತೆ."